ಅಪ್ಪನ ಜಾಗದಲ್ಲಿ ಇನ್ಯಾರೋ

ವಂಶಿ,

ಕ್ಲೌಡಿನಲ್ಲಿರೋ ಹಾಡುಗಳನ್ನೆಲ್ಲ ಅಪ್‌ಗ್ರೇಡ್ ಮಾಡಿದೆ ಎಂದೆಯಲ್ಲ, ಬೆಳಗ್ಗೆ ಅಪ್ಪನ ಗಮಕ ಹಾಕಿದರೆ ಯಾರೋ ದೊಡ್ಡ ಗಮಕಿ ತಂಬೂರಿ ಶ್ರುತಿಗೆ ವಾಚನ ಮಾಡುತ್ತಿದ್ದಾರೆ. ಪದ್ಯ ಒಂದೇ ಅಂತ ಅಪ್ಪನನ್ನು ಎಬ್ಬಿಸಿ ಅವರನ್ನು ಕೂರಿಸಿಬಿಟ್ಟಿದೆ ನಿನ್ನ ಕ್ಲೌಡು. ಅಪ್ಪ ನಡುವೆ ನಿಲ್ಲಿಸಿ ಅಮ್ಮನಿಗೆ “ಕಾವೇರಿ, ಹಾಲು ಉಕ್ಕುತ್ತೆ ನೋಡೇ” ಅಂದಿದ್ದೂ ಹೋಯಿತು. ಅದು ನಿನಗೆ ಬರೀ ಗಲಾಟೆಯೇನೋ?

ಹಳೆಯ ಲ್ಯಾಪ್‌ಟಾಪಿನಲ್ಲಿ ಮೂಲ ಇರಬೇಕು, ಹುಡುಕಿಡು. ಅದನ್ನು ಕ್ಲೌಡಿಗೆ ತೋರಿಸಲೂ ಬೇಡ.

ಬಾಳೆಲೆಗೆ ಗಾಂಧಿ ಬಜಾರಿಗೆ ಹೋಗಿದ್ದೇನೆ. ಹುಳಿ ಬಿಸಿ ಮಾಡಿಕೊಂಡು ಊಟ ಮಾಡು.

ನಾಳೆ ಊಟವಾದ ಮೇಲೆ ಎಲ್ಲರೂ ಅಪ್ಪನ ದನಿಯನ್ನೇ ಕೇಳಬೇಕು. ತಿಥಿ ನಮ್ಮಪ್ಪನದು. ಆ ಗಮಕಿಗಳು ಇನ್ನೂ ಗಟ್ಟಿಮುಟ್ಟಾಗಿದ್ದಾರೆ.

ಅಕ್ಕ