ನಂಬರ್ ಬಿದ್ದ ಸೌದೆ

ಆಗಸ್ಟ್ 2, ಶನಿವಾರ

ಅರಣ್ಯ ಇಲಾಖೆ ಹಿಂದೆ ಕೊಟ್ಟ ಮಾತು: ಕಾಡಿನ ರಸ್ತೆ ಅಗಲ ಮಾಡುವುದಿಲ್ಲ. ಊರನ್ನು ಕೇಳದೆ ಒಂದು ಮರಕ್ಕೂ ಗರಗಸ ಇಡುವುದಿಲ್ಲ. ನಕ್ಷೆ ತೋರಿಸುತ್ತೇವೆ.

ಇವತ್ತು ಇಲ್ಲ ಅಂದದ್ದು: ನಕ್ಷೆ. ಮರ ಕಡಿದದ್ದು. "ಮರಕ್ಕೆ ನಂಬರ್ ಹಾಕಿದೀವಿ ಅಷ್ಟೇ ಕಣಮ್ಮ, ಕಡಿದಿಲ್ಲ. ಕಡಿದಿದ್ರೆ ಸಾಕ್ಷಿ ತನ್ನಿ" — ಹುಣಸೂರಿನ ಸಾಹೇಬರು, ಟೀಗೆ ಬಿಸ್ಕತ್ತು ಅದ್ದುತ್ತಾ.

ಜೊತೆಗೆ ನಮ್ಮ ಹೋರಾಟ ಸಮಿತಿಯ ಚಿಕ್ಕಸಿದ್ದಮ್ಮ ಇದ್ದಳು. ಕಾಡಿನಿಂದ ಒಣಗಡ್ಡಿ ಹೊರೆ ತಂದದ್ದಕ್ಕೆ ಹೋದ ವರ್ಷ ಕೇಸು ಹಾಕಿಸಿಕೊಂಡವಳು. ಬಸ್ಸಿನಲ್ಲಿ ಅಂದಳು: "ನಾನ್ ಗಡ್ಡಿ ತಂದ್ರೆ ಕಳ್ಳಿ. ಅವ್ರು ಕಾಡೇ ತಂದ್ರೆ ಅಭಿವೃದ್ಧಿ ಕಣಕ್ಕಾ."

ಹನ್ನೊಂದನೇ ತಾರೀಕಿನ ಸಭೆಯ ಪಾಂಪ್ಲೆಟ್‌ಗೆ ಇದೇ ಹೆಡ್ಡಿಂಗ್.

ಆಗಸ್ಟ್ 5, ಮಂಗಳವಾರ, ಸಂಜೆ

ಹೊಗೆಸೊಪ್ಪು ಒಣಗಿಸುವ ಬ್ಯಾರನ್ ಗೂಡಿನಲ್ಲಿ ಎಲೆ ಹಳದಿ ತಿರುಗಿದೆ. ಈಗ ಕಾವು ಇಳಿದರೆ ಎಲೆಯೆಲ್ಲ ಕಪ್ಪು. ಹಾಗಾಗಿ ಗಂಡಮಹಾಶಯ ನಂಜುಂಡೇಶ್ ಅಲ್ಲೇ ಉಣ್ಣುತ್ತಾನೆ, ಅಲ್ಲೇ ತೂಕಡಿಸುತ್ತಾನೆ. ಬುತ್ತಿ ಒಯ್ದೆ. ಒಲೆ ಬಾಯಿಗೆ ದಿಮ್ಮಿ ತಳ್ಳುತ್ತಿದ್ದ. ತೊಗಟೆ ಕೆತ್ತಿದ ಜಾಗ. ಬಿಳಿ ಬಣ್ಣ. ನಂಬರ್!

"ಎಲ್ಲಿಂದು ಈ ಸೌದೆ?"

"ಟ್ರ್ಯಾಕ್ಟರ್‌ನೋನು ತಂದ. ತೋಟದ ಮರ ಅಂದ."

"ತೋಟದ ಮರಕ್ಕೆ ನಂಬರ್ ಹಾಕ್ತಾರೇನ್ರೀ? ಕಾಡಿಂದು ಕಣ್ರೀ!"

"ದಪ್ಪ ನೋಡ್ದೆ ಕಣಮ್ಮಿ. ನಂಬರ್ ನೋಡ್ಲಿಲ್ಲ."

ಸಾಹೇಬರು ಸಾಕ್ಷಿ ಕೇಳಿದ್ದರು. ನನ್ನ ಮನೆಯವನೇ ಅದನ್ನು ಸುಡುತ್ತಿದ್ದ. ಕೂಗಾಡಿದೆ. ಉಳಿದದ್ದು ಮುಟ್ಟಬೇಡಿ ಅಂದೆ. ಅಂದಮೇಲೆ ನೆನಪಾಯಿತು — ಬೇರೆ ಸೌದೆ ಇಲ್ಲ.

ಇವನು ಉಂಡ, ಕೈ ತೊಳೆದ, ಹಾರೆ ಹಿಡಿದು ಹೋಗಿ ಹಳೇ ಕೊಟ್ಟಿಗೆಯ ತೊಲೆ ಕೀಳತೊಡಗಿದ. ಅತ್ತೆ ಶಿವರುದ್ರಮ್ಮ ಓಡಿ ಬಂದರು.

"ನಿಮ್ಮಪ್ಪ ಕಟ್ಟಿದ್ದು ಕಣ್ಲಾ ಅದು!"

"ಎಮ್ಮೆ ಮಾರಿ ಏಸು ವರ್ಸ ಆಯ್ತವ್ವ? ನಿನ್ ಮುರುಕ್ ಮಂಚ ಬುಟ್ರೆ ಇನ್ನೇನದೆ ಅಲ್ಲಿ?"

"ಮಂಚ ಮುಟ್ಟಿದ್ರೆ ಕೈ ಮುರೀತೀನಿ."

ಆಗಸ್ಟ್ 6

ಮಂಚವನ್ನೂ ಅತ್ತೆಯೇ ಎಳೆದು ತಂದರು. "ಗೆದ್ಲು ತಿಂದದೆ, ಒಲೆಗ್ ಆಕ್ಕೊ. ಎಲ್ಲಾ ನಿನ್ ಎಂಡ್ರು ಈ ಕಾಡಮ್ಮನ ದೆಸೆ." ಬಯ್ಯುತ್ತಲೇ ನನ್ನ ತಲೆಗೆ ಅಂಟಿದ್ದ ಬೂದಿ ಒರೆಸಿದರು.

ಆಗಸ್ಟ್ 9

ಬ್ಯಾರನ್‌ನಿಂದ ಎಲೆ ಇಳಿಸಿದೆವು. ಕೆಳಗಿನ ಸಾಲು ಕಪ್ಪು. ಮಿಕ್ಕದ್ದು ಉಳಿಯಿತು. ನಂಬರ್ ಇರುವ ದಿಮ್ಮಿಗಳೂ ಉಳಿದವು.

ಆದರೆ ಸಭೆಯಲ್ಲಿ ಸಾಹೇಬರು ಎಲ್ಲಿ ಸಿಕ್ಕಿತು ಅಂತ ಕೇಳಿದರೆ? ಕೇಸು ಇವನ ಮೇಲೆ. ಇಪ್ಪತ್ತು ವರ್ಷ ಮೈಕಿನ ಮುಂದೆ ಅರಚಿದವಳು ಒಂದು ಸುಳ್ಳು ಹುಡುಕಿದೆ.

"ದಾರೀಲಿ ಬಿದ್ದಿತ್ತು ಅಂತೀನಿ ಕಣ್ರೀ."

"ಅವ್ರೂ ಸುಳ್ಳು, ನೀನೂ ಸುಳ್ಳು... ಆಮೇಲೆ ಜನ ಯಾರನ್ನ ನಂಬೋದು? ನಂಜುಂಡೇಶ ತಗಂಡ, ಸುಟ್ಟ ಅನ್ನು. ತಂದು ಆಕ್ದೋನ ಎಸ್ರು ನಾನೇ ಯೋಳ್ತೀನಿ."

"ಕೇಸ್ ಆಯ್ತದೆ."

"ಚಿಕ್ಕಸಿದ್ದಮ್ಮಂಗೆ ಆಗಿಲ್ವಾ? ನಾವೇನ್ ಮ್ಯಾಲಿಂದ ಉದುರಿದ್ವಾ?"

ಚಳವಳಿ ಕಲಿಸಿದ್ದು ನಾನು ಅಂದುಕೊಂಡಿದ್ದೆ. ಹುಚ್ಚು ಗಂಡ. ನನ್ನ ಗಂಡ.

ಆಗಸ್ಟ್ 10, ಭಾನುವಾರ

ದಿಮ್ಮಿಗಳನ್ನು ಗೋಣಿಯಲ್ಲಿ ಸುತ್ತಿ ಕಟ್ಟಿದ್ದಾಯಿತು. ಬಿಳಿ ಶರ್ಟಿಗೆ ಇಸ್ತ್ರಿ ಹಾಕಿಸಿ ತಂದಿದ್ದಾನೆ — ನಮ್ಮ ಮದುವೆಗೂ ಹಾಕಿಸಿರಲಿಲ್ಲ! ಚಿಕ್ಕಸಿದ್ದಮ್ಮ ಕಾಡಂಚಿನ ಹಾಡಿಯ ಜನರನ್ನು ಕರೆದುಕೊಂಡು ನೇರ ಸಭೆಗೇ ಬರುತ್ತಾಳೆ.

ಸಭೆ: ನಾಳೆ, ಸೋಮವಾರ, ಬೆಳಿಗ್ಗೆ ಹನ್ನೊಂದು ಗಂಟೆ, ಹುಣಸೂರು. ಮೊದಲು ಮಾತಾಡುವವರು: ನಂಜುಂಡೇಶ್, ಹೊಗೆಸೊಪ್ಪು ಬೆಳೆಗಾರ. ಆಮೇಲೆ ನಾನು…