ಗಡಿಗೆಯ ಚಿತ್ರ ಸಿಕ್ಕವಳು

ಅಮ್ಮಾ,

ನಿನ್ನ ಮೊಮ್ಮಗಳು ಬೋರ್ಕಾ ಇವತ್ತು ಶಿಶುವಿಹಾರದಲ್ಲಿ ಮಾತಾಡಿದಳು. ಸಂಜೆ ಕರೆತರಲು ಹೋದಾಗ ಅಲ್ಲಿನ ಆಯಾ ಎತೆಲ್ಕಾ ನನ್ನನ್ನು ಬಾಗಿಲಲ್ಲೇ ನಿಲ್ಲಿಸಿ ಹೇಳಿದರು. ನಾವು ಸೆಗೆಡ್ ನಗರಕ್ಕೆ ಬಂದ ಮೇಲೆ ಅವಳು ಅಲ್ಲಿ ಬಾಯಿ ಬಿಟ್ಟದ್ದು ಇದೇ ಮೊದಲು. ಈ ವಾರವೂ ಮೂಕಿಯಂತೆ ಕೂತರೆ ಶನಿವಾರ ನೀನು ಬಂದು ಅವಳನ್ನು ಊರಿಗೆ ಕರೆದೊಯ್ಯುವುದೆಂದು ಮಾತಾಗಿತ್ತಲ್ಲ.

ಇಲ್ಲಿ ಪ್ರತಿ ಮಗುವಿನ ಕೋಟು ನೇತುಹಾಕುವ ಮೊಳೆಗೂ ಟವೆಲ್ಲಿಗೂ ಗುರುತಿಗೊಂದು ಚಿತ್ರ. ನಡುವರ್ಷದಲ್ಲಿ ಸೇರಿದ್ದರಿಂದ ಚಿಟ್ಟೆ, ಮೊಲಗಳೆಲ್ಲ ಮುಗಿದು ಇವಳಿಗೆ ಉಳಿದದ್ದು ಗಡಿಗೆ. ನನಗೆ ಬೇಸರವಾಗಿತ್ತು. ಇವತ್ತು ಅಡುಗೆಯಾಟದಲ್ಲಿ ಗೆರ್ಗೊ ಎಂಬ ತುಂಟ ಇವಳ ಕೈಹಿಡಿದು ಎಳೆದನಂತೆ.

"ಏ ಗಡಿಗೆ, ನೀನೇ ಅಡುಗೆಯವಳು! ಏನ್ ಮಾಡಿದೀಯ ಇವತ್ತು?"

"ಪ್ಲಮ್ ಕಡುಬು. ಕೈ ತೊಳ್ಕೊಂಡ್ ಬಾ, ಇಲ್ದಿದ್ರೆ ನಿಂಗಿಲ್ಲ ಹೋಗು!" ಅಂದಳಂತೆ. ಥೇಟ್ ನಿನ್ನದೇ ಗದರಿಕೆ.

ಇಡೀ ದಿನ ಆಡಿಸುವುದಕ್ಕೆ ಶಿಶುವಿಹಾರ ಯಾಕೆ ಎಂದು ನೀನು ಕೇಳಿದ್ದೆ. ಅದನ್ನೇ ಎತೆಲ್ಕಾರನ್ನು ಕೇಳಿದೆ.

"ಮಾತಾಡು ಮಾತಾಡು ಅಂತ ಪೀಡಿಸಿದ್ರೆ ಯಾವ ಮಗು ಮಾತಾಡುತ್ತೆ ಕಣಪ್ಪಾ? ಹಸ್ದೋರು ಎದುರಿಗೆ ಬಂದು ಕೂತ್ರೆ ಅಡುಗೆಯವಳಿಗೆ ಸುಮ್ನಿರಕ್ಕಾಗುತ್ತಾ?" ಎಂದು ನಕ್ಕರು.

ನನ್ನ ಕೆಮ್ಮು ಇಳಿದಿದೆ. ನೀನು ಕಳಿಸಿದ ಜೇನು ಮುಗಿಯಿತು. ಈ ಅಂಚೆಕಾರ್ಡಿನಲ್ಲಿ ಇನ್ನು ಹೆಚ್ಚು ಜಾಗವಿಲ್ಲ.

ಶನಿವಾರ ನೀನು ಖಂಡಿತ ಬಾ, ಆದರೆ ಅವಳ ಬಟ್ಟೆ ಕಟ್ಟಿಡುವುದಿಲ್ಲ. ಸೋಮವಾರ ಬೆಳಿಗ್ಗೆ ಎಂಟಕ್ಕೆ ಬೋರ್ಕಾ ಶಿಶುವಿಹಾರಕ್ಕೆ ಹೋಗುತ್ತಾಳೆ.

ಬಾಲಿಂಟ್