ಬಾಣಲೆ ನನಗೆ, ಚೀಸ್ ನಿನಗೆ

ತಮ್ಮಾ,

ಒಂದೇ ಗೋಡೆಯ ಆಚೆ ಈಚೆ ಇದ್ದುಕೊಂಡು ಕಾಗದ ಬರೆಯುವ ಗತಿ ಬಂತು ನೋಡು. ಅಪ್ಪನ ಕರಿದ ಚೀಸಿನ ಅಂಗಡಿ ಪಾಲಾದಾಗ ಹಟ ಮಾಡಿ ಬಾಣಲೆ ನಾನು ಹಿಡಿದುಕೊಂಡೆ, ಚೀಸ್ ಮಾಡುವ ಪಾತ್ರೆಗಳನ್ನು ನೀನು ಎತ್ತಿಕೊಂಡೆ. ಇಬ್ಬರ ಬುದ್ಧಿಗೂ ಮಂಕು ಕವಿದಿತ್ತು. ನಾನೀಗ ಕೊಂಡು ತರುವ ಪೇಟೆಯ ಚೀಸ್ ಎಣ್ಣೆಗೆ ಬಿದ್ದೊಡನೆ ಮೇಲಿನ ಹಿಟ್ಟು ಒಡೆದು ಕರಗಿಹೋಗುತ್ತದೆ. ಈ ಊರಲ್ಲಿ ಜ್ವರ ಬಿಟ್ಟವರಿಗೂ ಜಗಳ ಆಡಿದವರಿಗೂ ಕರಿದ ಚೀಸೇ ಬೇಕು. ನಿನ್ನ ಪೊಟ್ಟಣ ಹಿಡಿದು ನನ್ನ ಮುಂದೆ ಸಾಲು ನಿಲ್ಲುತ್ತಾರೆ. "ಇದನ್ನ ಕರ್ದು ಕೊಡಿ, ನಿಮ್ಮಪ್ಪನ ಕೈರುಚಿ ಬರುತ್ತೆ" ಅನ್ನುತ್ತಾರೆ. ಮೈಯೆಲ್ಲಾ ಉರಿಯುತ್ತದೆ. ಒಬ್ಬೊಬ್ಬರನ್ನೂ ಬೈದು ಕಳಿಸಿ ಸಾಕಾಗಿದೆ. ದಯವಿಟ್ಟು 'ಪಕ್ಕದಲ್ಲಿ ಕರಿದು ಕೊಡುವುದಿಲ್ಲ' ಎಂದು ನಿನ್ನ ಬಾಗಿಲಿಗೆ ಬೋರ್ಡು ಹಾಕು.

ನಿನ್ನೆ ಆ ಸಾಲಿನಲ್ಲಿ ಅಮ್ಮ ನಿಂತಿದ್ದಳು, ಕೈಯಲ್ಲಿ ನಿನ್ನದೇ ಪೊಟ್ಟಣ. ಅವಳನ್ನು ಹೇಗೆ ಬೈಯಲಿ? ಕರಿದೆ. ಒಂದೂ ಒಡೆಯಲಿಲ್ಲ. "ಅರ್ಧ ನಿನ್ನ ತಮ್ಮಂಗೆ ಕಣೋ" ಎಂದು ಕಟ್ಟಿಸಿಕೊಂಡು ಹೋದಳು.

ಬಿಸಿ ಇರುವಾಗಲೇ ತಿಂದೆಯಾ? ಮೊದಲು ಅದನ್ನು ತಿಳಿಸು. ಬೋರ್ಡು ಆಮೇಲೆ ಬರೆಸಿದರಾಯಿತು.

ಬಾಣಲೆಯ ಮುಂದೆ ಬೇಯುತ್ತಿರುವ
ನಿನ್ನ ಅಣ್ಣ